ರಂಗನತಿಟ್ಟಿಗೆ ಬಂದ ಬೊಂಬಾಯಿ ಸಾಹೇಬರು

ಗೆಳತಿಯರೇ, ಆಂಟಾಪ್ ಹಿಲ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಹಳೆಯ ಆಫೀಸ್ ಡೈರಿ ಮತ್ತು ದಾರ ಕಟ್ಟಿದ ಪೆನ್ನು ಸದಾ ಇರುತ್ತವೆ. ಡೈರಿ ನಮ್ಮೆಜಮಾನರದು. ಅವರು ಹೋದ ವರ್ಷದ್ದು. ಜನವರಿಯ ನಾಲ್ಕೈದು ಪುಟ ಬಿಟ್ಟರೆ ಉಳಿದದ್ದೆಲ್ಲ ಖಾಲಿ ಇತ್ತು. ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ, ತೆರೆದು ನೋಡಲೂ ಧೈರ್ಯ ಬರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ ಎದುರಿನ ಮಳೆಮರದಲ್ಲಿ ಕಂಚುಗಾರ ಹಕ್ಕಿ ಟಕ್ ಟಕ್ ಎಂದು ಬಡಿಯುತ್ತಿತ್ತು. ಏನು ತೋಚಿತೋ, ಆ ಡೈರಿಯ ಖಾಲಿ ಪುಟದಲ್ಲಿ ತಾರೀಖು ಹಾಕಿ ಅದನ್ನು ಬರೆದೆ. ಮರುದಿನ ಮಡಿವಾಳ ಹಕ್ಕಿ ಬಂತು. ಆಮೇಲೆ ಗಿಳಿ, ಹದ್ದು, ಕೋಗಿಲೆ, ತುಳಸಿ ಕಟ್ಟೆಯ ಮೇಲೆ ಬಂದು ಕೂರುವ ಸೂರಕ್ಕಿ. ಕರಿಬೇವಿನ ಕುಂಡದಲ್ಲಿ ಎಲೆ ತಿಂದು ಮುಗಿಸುತ್ತಿದ್ದ ಹಸಿರು ಹುಳುವನ್ನು ಮೊದಲಾಗಿದ್ದರೆ ಕಿತ್ತು ಎಸೆಯುತ್ತಿದ್ದೆ. ಈಗ ಅದು ಎಂದು ಚಿಟ್ಟೆಯಾಗಿ ಹಾರಿತು ಎನ್ನುವುದೂ ಡೈರಿಯಲ್ಲಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳು ಹಿಂಡಾಗಿ ಬರುವುದನ್ನು ಮೂರು ವರ್ಷದಿಂದ ಬರೆದಿಟ್ಟಿದ್ದೇನೆ.

ನಾವು ಇಲ್ಲಿ ಕೂತಿರುವುದೂ ದ್ವೀಪದ ಮೇಲೆಯೇ ಅಲ್ಲವೇ? ಏಳು ದ್ವೀಪಗಳು ಸೇರಿ ಮುಂಬಯಿ ಆಯಿತೆಂದು ಮಕ್ಕಳ ಪಾಠದಲ್ಲಿ ಓದಿಸಿದ್ದೇವೆ. ಶಿವಡಿ, ವಡಾಲ, ಸಯನ್ ಕಡೆಯ ನಮ್ಮ ಈ ಭಾಗ ಹಳೆಯ ಪರೇಲ್ ದ್ವೀಪದ್ದು. ಮೋನೋರೈಲ್ ಕಂಬಗಳ ನಡುವೆ ನಿಂತಾಗ ಅದು ನೆನಪಾಗುವುದಿಲ್ಲ, ಅಷ್ಟೆ.

ಈ ಸಲದ ಸಂಚಿಕೆಗೆ ಹಿರಿಯರೊಬ್ಬರ ಜೀವನ ಬರೆಯಿರಿ ಎಂದು ವೇದಿಕೆಯವರು ಹೇಳಿದಾಗ ನನಗೆ ಬೇರೆ ಹೆಸರು ಹೊಳೆಯಲಿಲ್ಲ. ನಾನು ಶ್ರೀರಂಗಪಟ್ಟಣದ ಕಡೆಯವಳು. ಚಿಕ್ಕವಳಿದ್ದಾಗ ಅಪ್ಪ ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದರು. ದೋಣಿ ನಡೆಸುತ್ತಿದ್ದ ಅಜ್ಜ ಮೊಸಳೆ ತೋರಿಸಿ ನಮ್ಮನ್ನು ಹೆದರಿಸಿದ ಮೇಲೆ, ಈ ಜಾಗ ಉಳಿದದ್ದು ಒಬ್ಬರು ಬೊಂಬಾಯಿ ಸಾಹೇಬರಿಂದ ಎಂದಿದ್ದ. ಸಾಹೇಬರೆಂದರೆ ಟೋಪಿ ಹಾಕಿದ ಬಿಳಿಯರೆಂದೇ ನಾನು ತಿಳಿದಿದ್ದೆ. ಮದುವೆಯಾಗಿ ಮುಂಬಯಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ತಿಳಿಯಿತು, ಅವರು ಗಿರಗಾಂವ್ ಪಕ್ಕದ ಖೇತವಾಡಿಯಲ್ಲಿ ಬೆಳೆದ ಸಲೀಂ ಅಲಿಯವರು ಎಂದು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು. ದೊಡ್ಡ ಸಂಸಾರದ ಕೊನೆಯ ಮಗು. ಒಂದು ವರ್ಷ ತುಂಬುವ ಹೊತ್ತಿಗೆ ತಂದೆ ಮೊಯಿಜುದ್ದೀನ್ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿ ಜೀನತ್ ಉನ್ನೀಸಾ. ತಬ್ಬಲಿ ಮಕ್ಕಳನ್ನು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ. ಸಲೀಂ ಅಲಿಯವರ ಬದುಕಿನ ಬಗ್ಗೆ ಬರೆಯುವವರು ಬೇಟೆಗಾರ ಮಾವನನ್ನು ನೆನೆಯುತ್ತಾರೆ. ಹಮೀದಾ ಬೇಗಂ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಹೆತ್ತವರಿಲ್ಲದ ಅಷ್ಟು ಮಕ್ಕಳ ಊಟ, ಬಟ್ಟೆ, ಜ್ವರ, ಜಗಳ ಎಲ್ಲ ಯಾರ ಪಾಲಿಗೆ ಬಂದಿರಬೇಕೆಂದು ನಮಗೆ ಗೊತ್ತು.

ಹುಡುಗನನ್ನು ಮೊದಲು ಸೇರಿಸಿದ್ದು ಗಿರಗಾಂವ್‌ನ ಜನಾನಾ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗೆ, ಇಬ್ಬರು ಅಕ್ಕಂದಿರ ಜೊತೆಯಲ್ಲಿ. ಆಮೇಲೆ ಸೇಂಟ್ ಝೇವಿಯರ್ಸ್. ಓದಿನಲ್ಲಿ ಚುರುಕೇನಲ್ಲ. ಬಿಡದ ತಲೆನೋವು, ಅದರಿಂದ ಶಾಲೆ ತಪ್ಪುವುದು. 1913ರಲ್ಲಿ ಮೆಟ್ರಿಕ್ ಪರೀಕ್ಷೆ ಕಷ್ಟಪಟ್ಟು ದಾಟಿದ.

ಆದರೆ ಅದಕ್ಕೆ ಮುಂಚೆಯೇ ಆ ಗುಬ್ಬಿಯ ಪ್ರಸಂಗ ನಡೆದಿತ್ತು. ಮಾವ ಕೊಡಿಸಿದ್ದ ಆಟದ ಏರ್‌ಗನ್ನಿನಿಂದ ಹುಡುಗ ಒಂದು ಗುಬ್ಬಿ ಹೊಡೆದ. ಎತ್ತಿ ನೋಡಿದರೆ ಗಂಟಲ ಮೇಲೆ ಹಳದಿ ಮಚ್ಚೆ. ದಿನ ನೋಡುವ ಮನೆಗುಬ್ಬಿ ಅದಲ್ಲ. ಇದೇನು ಹಕ್ಕಿ ಎಂದು ಕೇಳಿದರೆ ಮಾವನಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಸುಮ್ಮನಾಗದೆ ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿಕೊಟ್ಟರು. ಅಲ್ಲಿನ ಗೌರವ ಕಾರ್ಯದರ್ಶಿ ಮಿಲಾರ್ಡ್ ಎಂಬ ಇಂಗ್ಲಿಷರು ಸತ್ತ ಗುಬ್ಬಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಒಂದೊಂದೇ ಡ್ರಾಯರ್ ಎಳೆದು ತುಂಬಿಟ್ಟ ಹಕ್ಕಿಗಳನ್ನೆಲ್ಲ ತೋರಿಸಿದರು, ಓದಲು ಪುಸ್ತಕ ಕೊಟ್ಟರು, ಹಕ್ಕಿಯ ಚರ್ಮ ಸುಲಿದು ಒಣಗಿಸಿ ಇಡುವುದನ್ನು ಕಲಿಸುವ ಏರ್ಪಾಟು ಮಾಡಿದರು. ಬ್ರಿಟಿಷರ ಕಾಲದ ಒಂದು ಕಚೇರಿಗೆ ಹೆದರಿ ಹೆದರಿ ಕಾಲಿಟ್ಟ ಹತ್ತು ಹನ್ನೆರಡು ವರ್ಷದ ಹುಡುಗನಿಗೆ ದೊಡ್ಡವರೊಬ್ಬರು ಹೀಗೆ ಹೊತ್ತು ಕೊಟ್ಟರಲ್ಲ, ಅದು ನನಗೆ ಗುಬ್ಬಿಗಿಂತ ಮುಖ್ಯವೆನಿಸುತ್ತದೆ.

ಹಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಮೆಟ್ರಿಕ್ ಆದ ಮೇಲೆ ಅಣ್ಣನ ಜೊತೆ ಬರ್ಮಾದ ತವೋಯ್‌ಗೆ ಹೋದರು. ಅಲ್ಲಿ ಮನೆಯವರ ವುಲ್ಫ್ರಮ್ ಗಣಿ ಮತ್ತು ಮರದ ವ್ಯಾಪಾರವಿತ್ತು. ವ್ಯಾಪಾರಕ್ಕಿಂತ ಸುತ್ತಲಿನ ಕಾಡೇ ಹೆಚ್ಚು ಹಿಡಿಸಿತು. 1917ರಲ್ಲಿ ಮುಂಬಯಿಗೆ ಮರಳಿ ದಾವರ್ ಕಾಲೇಜಿನಲ್ಲಿ ವಾಣಿಜ್ಯ, ಜೊತೆಗೇ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ ಓದಿದರು. 1918ರ ಡಿಸೆಂಬರ್‌ನಲ್ಲಿ ದೂರದ ಸಂಬಂಧಿ ತೆಹ್ಮೀನಾ ಅವರೊಂದಿಗೆ ಮದುವೆಯಾಯಿತು. ಮತ್ತೆ ಬರ್ಮಾ, ಮತ್ತೆ ವ್ಯಾಪಾರ, ಮತ್ತೆ ನಷ್ಟ. 1924ರ ಹೊತ್ತಿಗೆ ಆ ಅಧ್ಯಾಯ ಪೂರ್ತಿ ಮುಗಿದಿತ್ತು. ಪದವಿ ಇಲ್ಲವೆಂಬ ಕಾರಣಕ್ಕೆ ಸರ್ಕಾರದ ಪ್ರಾಣಿ ಸರ್ವೇಕ್ಷಣೆ ಇಲಾಖೆಯ ಕೆಲಸ ತಪ್ಪಿಹೋಯಿತು. ಕೊನೆಗೆ 1926ರಲ್ಲಿ ನಮ್ಮ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನಲ್ಲಿ ಗೈಡ್ ಉಪನ್ಯಾಸಕರ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ.

ತೆಹ್ಮೀನಾ ಇಂಗ್ಲೆಂಡಿನಲ್ಲಿ ಓದಿದವರು, ಸಾಹಿತ್ಯ ಬಲ್ಲವರು, ಪಟ್ಟಣದ ಸೌಕರ್ಯಗಳಲ್ಲಿ ಬೆಳೆದವರು. ಮ್ಯೂಸಿಯಮ್ಮಿನ ಕೆಲಸ ಸಿಕ್ಕಾಗ ಇನ್ನು ನೆಲೆ ನಿಂತೆವೆಂದುಕೊಂಡಿದ್ದರೆ ತಪ್ಪಿಲ್ಲ. ಆದರೆ ಗಂಡನಿಗೆ ಎರಡೇ ವರ್ಷದಲ್ಲಿ ಸಾಲದೆನಿಸಿತು. ಹಕ್ಕಿಯ ಬಗ್ಗೆ ಕ್ರಮವಾಗಿ ಕಲಿಯಬೇಕೆಂದು 1928ರಲ್ಲಿ ರಜೆ ಹಾಕಿ ಜರ್ಮನಿಗೆ ಹೊರಟರು. ಲಂಡನ್ನಿನ ಕಡೆಯಿಂದ ಅಂಥ ಉತ್ಸಾಹದ ಉತ್ತರ ಬಂದಿರಲಿಲ್ಲ. ಬರ್ಲಿನ್ ಮ್ಯೂಸಿಯಮ್ಮಿನ ಎರ್ವಿನ್ ಸ್ಟ್ರೆಸೆಮಾನ್ ಮಾತ್ರ ಮನಸಾರೆ ಬರಮಾಡಿಕೊಂಡರು. ಸಲೀಂ ಅಲಿ ಅವರನ್ನು ಕೊನೆಯವರೆಗೂ ಗುರು ಎಂದೇ ಭಾವಿಸಿದರು.

ಇಲ್ಲಿ ಒಂದು ಪುಟ್ಟ ದ್ವೀಪದ ವಿಷಯ ಹೇಳಲೇಬೇಕು. ಜರ್ಮನಿಯ ಕರಾವಳಿಯಾಚೆ ಉತ್ತರ ಸಮುದ್ರದಲ್ಲಿ ಹೆಲಿಗೊಲ್ಯಾಂಡ್ ಎಂಬ ಕೆಂಪು ಬಂಡೆಯ ನೆಲವಿದೆ. ಎರಡು ಚದರ ಕಿಲೋಮೀಟರನ್ನೂ ಮುಟ್ಟದಷ್ಟು ಚಿಕ್ಕದು. 1837ರಲ್ಲಿ ಹೈನ್ರಿಖ್ ಗೆಟ್ಕೆ ಎಂಬ ಚಿತ್ರಕಾರ ಸಮುದ್ರದ ಚಿತ್ರ ಬರೆಯಲು ಅಲ್ಲಿಗೆ ಹೋದವರು ವಾಪಸು ಬರಲೇ ಇಲ್ಲ. ಆಗ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಗವರ್ನರ್ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದುಕೊಂಡು ಗೆಟ್ಕೆ 50 ವರ್ಷಕ್ಕೂ ಮಿಕ್ಕಿ, ಇಂದು ಯಾವ ಹಕ್ಕಿ ಬಂತು, ಗಾಳಿ ಯಾವ ಕಡೆಯದು, ರಾತ್ರಿ ದೀಪಸ್ತಂಭಕ್ಕೆ ಎಷ್ಟು ಹಕ್ಕಿ ಮುತ್ತಿದವು ಎಂದೆಲ್ಲ ಬರೆಯುತ್ತ ಹೋದರು. ವಲಸೆ ಹಕ್ಕಿಗಳಿಗೆ ಸಮುದ್ರದ ನಡುವೆ ಕಾಲೂರಲು ಸಿಗುವ ನೆಲ ಅದೊಂದೇ. ಹಾಗಾಗಿ ಅಷ್ಟು ಸಣ್ಣ ಜಾಗದಲ್ಲಿ ಹೆಚ್ಚುಕಡಿಮೆ 400 ಬಗೆಯ ಹಕ್ಕಿಗಳು ದಾಖಲಾದವು. 1891ರಲ್ಲಿ ಅವರ ಪುಸ್ತಕ ಬಂತು. ಮುಂದೆ 1910ರಲ್ಲಿ ಅಲ್ಲೇ ಹಕ್ಕಿ ಅಧ್ಯಯನದ ಕೇಂದ್ರವೊಂದು ಶುರುವಾಯಿತು. ಹಾರಿ ಬಂದ ಹಕ್ಕಿಯನ್ನು ಆಲಿಕೆಯಂಥ ದೊಡ್ಡ ಬಲೆಯೊಳಗೆ ನೋಯಿಸದೆ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಟ್ಟುಬಿಡುವುದು ಅಲ್ಲಿನ ಕೆಲಸ. ಇನ್ನೆಲ್ಲೋ ಯಾರಿಗೋ ಆ ಹಕ್ಕಿ ಸಿಕ್ಕರೆ ಅದರ ಪ್ರಯಾಣದ ದಾರಿ ತಿಳಿಯುತ್ತದೆ. ಸಲೀಂ ಅಲಿ ಈ ಉಂಗುರದ ವಿದ್ಯೆ ಕಲಿತದ್ದು ಆ ದ್ವೀಪದಲ್ಲಿ. ಕೊಲ್ಲದೆಯೂ ಹಕ್ಕಿಯ ಬಗ್ಗೆ ತಿಳಿಯಬಹುದೆಂಬ ಆ ಪಾಠ ಮೂವತ್ತು ವರ್ಷ ಕಾದಿದ್ದು ನಮ್ಮ ಸೊರಬದ ಕಾಡಿನ ಕೆಲಸಕ್ಕೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

1930ರಲ್ಲಿ ಊರಿಗೆ ಬಂದು ನೋಡಿದರೆ ಮ್ಯೂಸಿಯಮ್ಮಿನಲ್ಲಿ ಕೆಲಸವೇ ಇಲ್ಲ. ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಮೂವತ್ತಮೂರು ವರ್ಷ, ವಿದೇಶದ ತರಬೇತಿ, ಕೈಯಲ್ಲಿ ಪದವಿಯೂ ಇಲ್ಲ, ಸಂಬಳವೂ ಇಲ್ಲ. ಮುಂಬಯಿಯ ಖರ್ಚು ತಾಳದೆ ಗಂಡ ಹೆಂಡತಿ ಬಂದರಿನಾಚೆ ಅಲಿಬಾಗ್ ಬಳಿಯ ಕಿಹಿಮ್‌ಗೆ ಹೋಗಿ ನೆಲೆಸಿದರು. ಸಮುದ್ರದಂಚಿನ ಹಳ್ಳಿ, ತೆಂಗು, ಗದ್ದೆ. ಕೆಲಸವಿಲ್ಲದ ಆ ದಿನಗಳಲ್ಲೇ ಮನೆಯ ಹತ್ತಿರದ ಗೀಜಗಗಳ ಗೂಡು ಅವರ ಕಣ್ಣಿಗೆ ಬಿದ್ದದ್ದು.

ಗೀಜಗದ ಗೂಡನ್ನು ನಾವೆಲ್ಲ ನೋಡಿದ್ದೇವೆ. ನಮ್ಮಜ್ಜಿ, ಗೀಜಗ ತನ್ನ ಗೂಡಿನೊಳಗೆ ಮಣ್ಣುಂಡೆಗೆ ಮಿಂಚುಹುಳು ಅಂಟಿಸಿ ದೀಪ ಹಚ್ಚಿಕೊಳ್ಳುತ್ತದೆ ಎಂದು ಕತೆ ಹೇಳುತ್ತಿದ್ದರು. ಗೂಡಿನೊಳಗೆ ಮಣ್ಣು ಮೆತ್ತಿರುವುದು ನಿಜ. ಮಿಂಚುಹುಳುವಿನ ದೀಪ ಮಾತ್ರ ಅಜ್ಜಿಯರದು. ಸಲೀಂ ಅಲಿ ದಿನವೂ ಗೂಡುಗಳ ಮುಂದೆ ಕೂತು, ಯಾವ ಹಕ್ಕಿ ಏನು ಮಾಡಿತೆಂದು ಬರೆದುಕೊಂಡಾಗ ಕತೆಗಿಂತ ವಿಚಿತ್ರವಾದ ಸಂಸಾರ ಹೊರಬಿತ್ತು. ಗಂಡುಗಳು ಮೊದಲು ಬಂದು ಅರ್ಧ ಗೂಡು ಹೆಣೆದು ನಿಲ್ಲಿಸುತ್ತವೆ. ಆಮೇಲೆ ಹೆಣ್ಣುಗಳು ಬಂದು ಒಂದೊಂದನ್ನೇ ಒಳಹೊಕ್ಕು ಪರೀಕ್ಷಿಸುತ್ತವೆ. ಹಿಡಿಸದಿದ್ದರೆ ಮುಂದಿನ ಗೂಡಿಗೆ. ಹಿಡಿಸಿದರೆ ಹೆಣ್ಣು ಅಲ್ಲೇ ನಿಲ್ಲುತ್ತದೆ, ಗಂಡು ಗೂಡಿನ ಉಳಿದ ಭಾಗ, ಆ ಉದ್ದನೆಯ ಕೊಳವೆ, ಎಲ್ಲ ಮುಗಿಸಿಕೊಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರುಮಾಡಿ ಇನ್ನೊಬ್ಬಳಿಗೆ ಕಾಯುತ್ತದೆ! ಕಾವು ಕೂರುವುದು ಹೆಣ್ಣಿನ ಕೆಲಸ, ಮರಿಗಳ ಹೊಟ್ಟೆ ತುಂಬಿಸುವುದೂ ಹೆಚ್ಚಾಗಿ ಅವಳದೇ. ಕಾಳು ತಿನ್ನುವ ಈ ಹಕ್ಕಿ ಮರಿಗಳಿಗೆ ಮಾತ್ರ ಮಿಡತೆ, ಕಂಬಳಿಹುಳು ಮುಂತಾದ ಕೀಟಗಳನ್ನು ಹುಡುಕಿ ತರುತ್ತದೆ. ಈ ಅಧ್ಯಯನವೇ ಅವರಿಗೆ ವಿದ್ವಾಂಸರ ನಡುವೆ ಹೆಸರು ತಂದದ್ದು. ಮನೆ ನೋಡಿ ಗಂಡು ಒಪ್ಪುವ ಪದ್ಧತಿ ಗೀಜಗದಲ್ಲೂ ಇದೆಯೆಂದು ಮಹಿಳಾ ಮಂಡಳಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದು ನೆನಪಿರಬಹುದು.

ಹೊಟ್ಟೆಪಾಡಿಗೆ ಅವರು ಹೊಸ ದಾರಿ ಕಂಡುಕೊಂಡರು. ಸಂಸ್ಥಾನಗಳಲ್ಲಿ ಹಕ್ಕಿಗಳ ಗಣತಿ ಯಾರೂ ಮಾಡಿರಲಿಲ್ಲ. ಓಡಾಟದ ಖರ್ಚು ಮತ್ತು ಠಾಣ್ಯದ ವ್ಯವಸ್ಥೆ ಕೊಟ್ಟರೆ ಸಾಕು, ಸಂಬಳ ಬೇಡ, ನಾನು ಮಾಡಿಕೊಡುತ್ತೇನೆ ಎಂದು ಮುಂದೆ ಬಂದರು. ಹೈದರಾಬಾದ್ ಮೊದಲಾಯಿತು, ಆಮೇಲೆ ತಿರುವಾಂಕೂರು ಮತ್ತು ಕೊಚ್ಚಿ. ಎತ್ತಿನ ಗಾಡಿ, ಟೆಂಟು, ಮುಸಾಫಿರಖಾನೆ. ಇಂಗ್ಲೆಂಡಿನಲ್ಲಿ ಓದಿದ ತೆಹ್ಮೀನಾ ಗಂಡನ ಜೊತೆ ಈ ಕಾಡುಮೇಡು ಅಲೆದರು, ಶಿಬಿರ ನಡೆಸಿದರು. ಸಲೀಂ ಅಲಿಯವರ ಇಂಗ್ಲಿಷ್ ಗದ್ಯ ತಿಳಿಯಾಗಿ, ಸಾಮಾನ್ಯರು ಓದುವಂತೆ ಆಗಿದ್ದರ ಹಿಂದೆ ತೆಹ್ಮೀನಾ ಇದ್ದರು. ಬರೆದದ್ದನ್ನು ಅವರು ಓದುತ್ತಿದ್ದರು, ತಿದ್ದುತ್ತಿದ್ದರು. ಪಕ್ಷಿಶಾಸ್ತ್ರದ ಪುಸ್ತಕಗಳ ರಕ್ಷಾಪುಟದ ಮೇಲೆ ಅವರ ಹೆಸರಿಲ್ಲ.

1939ರ ಜುಲೈನಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಅದರ ಹಿಂದೆಯೇ ರಕ್ತ ನಂಜಾಗಿ ತೆಹ್ಮೀನಾ ತೀರಿಕೊಂಡರು. ಮದುವೆಯಾಗಿ 20 ವರ್ಷ ಕಳೆದಿತ್ತು, ಮಕ್ಕಳಿರಲಿಲ್ಲ. ಸಲೀಂ ಅಲಿಯವರಿಗೆ ಆಗ 42. ಆಮೇಲೆ 48 ವರ್ಷ ಬದುಕಿದರು, ಮತ್ತೆ ಮದುವೆಯಾಗಲಿಲ್ಲ. ಬಾಂದ್ರಾದ ಪಾಲಿ ಹಿಲ್‌ನಲ್ಲಿ ಅಕ್ಕ ಕಾಮೂ ಮತ್ತು ಭಾವ ಹಸನ್ ಅಲಿಯವರ ಮನೆಯಲ್ಲಿ ಅವರಿಗೆ ಆಸರೆ ಸಿಕ್ಕಿತು. ಈ ಭಾಗವನ್ನು ಓದುವಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತೇನೆ. ನನ್ನ ಪಾಲಿಗೂ ಒಂದು ಸಣ್ಣ ಆಪರೇಷನ್ ಎಂದೇ ಹೇಳಿದ್ದರು.

ಅದರ ಬೆನ್ನಲ್ಲೇ ಅವರು ನಮ್ಮ ಮೈಸೂರಿನ ಹಕ್ಕಿಗಳ ಗಣತಿಗೆ ಬಂದರು. ಹಿಂದಿನ ಸಂಸ್ಥಾನಗಳಲ್ಲಿ ಸಂಜೆ ಟೆಂಟಿನಲ್ಲಿ ಲಾಂದ್ರದ ಬೆಳಕಲ್ಲಿ ಟಿಪ್ಪಣಿ ಓದಿ ಹೇಳಲು ಒಬ್ಬರಿದ್ದರು. ಇಲ್ಲಿ ಯಾರೂ ಇಲ್ಲ. ಆದರೂ ಬೆಳಗಾಗುವ ಮುಂಚೆ ಎದ್ದು, ನೋಡಿ, ರಾತ್ರಿ ಮಲಗುವ ಮುಂಚೆ ಅಂದಿನದನ್ನು ಅಂದೇ ಬರೆಯುವ ರೂಢಿ ಬಿಡಲಿಲ್ಲ. ಮೈಸೂರಿನ ಹಕ್ಕಿಗಳ ಕುರಿತ ಅವರ ಲೇಖನಮಾಲೆ 1942 ಮತ್ತು 1943ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ರಂಗನತಿಟ್ಟು ಅವರ ಗಮನಕ್ಕೆ ಬಂದದ್ದು ಆಗಲೇ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ನೀರು ನಿಂತು, ನದಿಯ ನಡುವೆ ಆರೇಳು ತಿಟ್ಟುಗಳು ಮೂಡಿದ್ದವು. ತಿಟ್ಟೆಂದರೆ ಒಂದು ಕೂಗಳತೆಯ ನೆಲ. ಅದರ ಮೇಲೆ ಮರ, ಬಿದಿರು, ಬಂಡೆ. ಸುತ್ತ ನೀರು, ನೀರಲ್ಲಿ ಮೊಸಳೆ. ಬೆಕ್ಕು, ನರಿ, ಮನುಷ್ಯ ಯಾರೂ ಸುಲಭಕ್ಕೆ ದಾಟಲಾರರು. ಹೀಗಾಗಿ ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಇವೆಲ್ಲ ಅಲ್ಲೇ ಒಂದರ ಪಕ್ಕ ಒಂದು ಗೂಡು ಕಟ್ಟುತ್ತಿದ್ದವು. ಸುತ್ತಲಿನ ಊರಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ನಮ್ಮ ಮುತ್ತಜ್ಜನಿಗೆ ಯಾವ ತಿಂಗಳು ಕೊಕ್ಕರೆ ಬರುತ್ತದೆಂದು ಗೊತ್ತಿದ್ದೇ ಇತ್ತು. ಆದರೆ ಗೊತ್ತಿದ್ದದ್ದು ಕಾಗದದ ಮೇಲಿರಲಿಲ್ಲ. ಸಲೀಂ ಅಲಿ ಇದು ಹಕ್ಕಿಗಳು ಮರಿ ಮಾಡುವ ಮಹತ್ವದ ಜಾಗವೆಂದು ಗುರುತಿಸಿ, ಇದನ್ನು ಕಾಯ್ದಿಡಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗ. ಹೆಂಡತಿ ಹೋದ ಮರುವರ್ಷವೇ ಆ ಮನುಷ್ಯ ಹೀಗೊಂದು ಕೆಲಸ ಮಾಡಿದರೆಂದು ದೋಣಿಯ ಅಜ್ಜನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

1941ರಲ್ಲಿ ಅವರ ಭಾರತೀಯ ಹಕ್ಕಿಗಳ ಪುಸ್ತಕ ಬಂತು. ತೆಹ್ಮೀನಾ ಅದನ್ನು ನೋಡಲಿಲ್ಲ. ಬಣ್ಣದ ಚಿತ್ರ, ಪಕ್ಕದಲ್ಲಿ ಸರಳ ವಿವರ. ಶಾಸ್ತ್ರ ಓದದವರೂ ಹಕ್ಕಿ ಗುರುತಿಸಬಹುದಾದ ಪುಸ್ತಕ. ಜೈಲಿನಲ್ಲಿದ್ದ ನೆಹರೂ ಅದರ ಒಂದು ಪ್ರತಿಯನ್ನು ಇನ್ನೊಂದು ಜೈಲಿನಲ್ಲಿದ್ದ ಮಗಳು ಇಂದಿರಾಗೆ ಕಳಿಸಿಕೊಟ್ಟರು. ಹಕ್ಕಿಯ ಮೇಲೆ ಇಂದಿರಾಗೆ ಆಸಕ್ತಿ ಹುಟ್ಟಿದ್ದು ಅಲ್ಲಿಂದ. ಸ್ವಾತಂತ್ರ್ಯ ಬಂದ ಮೇಲೆ, ಇಂಗ್ಲಿಷರು ಹೊರಟುಹೋಗಿ ಹಣವಿಲ್ಲದೆ ಸೊರಗಿದ ಸೊಸೈಟಿಯನ್ನು ಸಲೀಂ ಅಲಿ ಎತ್ತಿ ನಿಲ್ಲಿಸುವಾಗ ನೆಹರೂ ನೆರವಾದದ್ದೂ ಉಂಟು. ಮುಂದಿನ ದೊಡ್ಡ ಕೆಲಸ, ಅಮೆರಿಕದ ಡಿಲನ್ ರಿಪ್ಲಿ ಜೊತೆ ಬರೆದ ಹತ್ತು ಸಂಪುಟಗಳ ಕೈಪಿಡಿ, 1968ರಿಂದ 1974ರವರೆಗೆ ಬಂತು. ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆ ಎಲ್ಲ ನಿಮಗೆ ಗೂಗಲ್‌ನಲ್ಲಿ ಸಿಗುತ್ತವೆ. ನನಗೆ ಹಿಡಿಸುವುದು ಬೇರೆ ಸಂಗತಿ. 1950ರಲ್ಲಿ ಸ್ವೀಡನ್ನಿನ ಪಕ್ಷಿ ಸಮ್ಮೇಳನಕ್ಕೆ ಹೋಗುವಾಗ 53 ವರ್ಷದ ಈ ಮನುಷ್ಯ ತಮ್ಮ ಸನ್‌ಬೀಮ್ ಮೋಟಾರ್‌ಸೈಕಲನ್ನು ಹಡಗಿನಲ್ಲಿ ಯೂರೋಪಿಗೆ ಕೊಂಡೊಯ್ದು ಅದರಲ್ಲೇ ಸುತ್ತಿದರು. ಶಿಬಿರದಲ್ಲಿ ಯಾರಾದರೂ ಗೊರಕೆ ಹೊಡೆದರೆ ಮಾತ್ರ ಅವರಿಗೆ ತಡೆಯುತ್ತಿರಲಿಲ್ಲವಂತೆ.

ಈಗ ಸೊರಬದ ವಿಷಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಜನರಿಗೂ ಜ್ವರ ಬಂತು. ನಾವು ಮಂಗನ ಕಾಯಿಲೆ ಎನ್ನುತ್ತೇವಲ್ಲ, ಅದೇ. ಹರಡುವುದು ಉಣುಗಿನಿಂದ. ಉಣುಗನ್ನು ನಾವು ಹುಳು ಎನ್ನುತ್ತೇವೆ, ಆದರೆ ಅದಕ್ಕೆ ಎಂಟು ಕಾಲು, ಕೀಟಕ್ಕಿಂತ ಜೇಡಕ್ಕೆ ಹತ್ತಿರದ ನೆಂಟ. ಈ ವೈರಸ್ ರಷ್ಯಾದ ಕಾಡುಗಳಲ್ಲಿ ಕಂಡಿದ್ದ ಒಂದು ವೈರಸ್ಸಿನ ಹತ್ತಿರದ್ದು ಎಂದು ಪರೀಕ್ಷೆಯಲ್ಲಿ ತಿಳಿದಾಗ ವಿಜ್ಞಾನಿಗಳಿಗೆ ಒಂದು ಅನುಮಾನ ಬಂತು. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳ ಮೈಮೇಲೆ ಕೂತು ಉಣುಗು ಮಲೆನಾಡಿಗೆ ಬಂದಿರಬಹುದೇ? ಇದಕ್ಕೆ ಉತ್ತರ ಬೇಕಾದರೆ ಹಕ್ಕಿಗಳನ್ನು ಜೀವಂತ ಹಿಡಿಯಬೇಕು, ಮೈಮೇಲಿನ ಉಣುಗು ಆರಿಸಿ ಬರೆದಿಡಬೇಕು, ಉಂಗುರ ಹಾಕಿ ಬಿಡಬೇಕು. ಹೆಲಿಗೊಲ್ಯಾಂಡ್‌ನಲ್ಲಿ ಕಲಿತದ್ದು ಇದನ್ನೇ ಅಲ್ಲವೇ! ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಸೊಸೈಟಿಯಲ್ಲಿ ದೊಡ್ಡ ಉಂಗುರ ಯೋಜನೆ ಶುರುಮಾಡಿದರು. ಸಾವಿರಾರು ಹಕ್ಕಿಗಳ ಕಾಲಿಗೆ ಬೊಂಬಾಯಿಯ ವಿಳಾಸವಿದ್ದ ಉಂಗುರ ಬಿತ್ತು. ಕೆಲವು ಉಂಗುರಗಳು ಸೋವಿಯತ್ ದೇಶದ ದೂರದೂರದ ಊರುಗಳಿಂದ ಪತ್ರದ ಜೊತೆ ಮರಳಿ ಬಂದವು. ಕಾಯಿಲೆಯನ್ನು ಹಕ್ಕಿಗಳೇ ತಂದವು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ನಮ್ಮ ಕೆರೆಗೆ ಬರುವ ಬಾತು ಬೇಸಿಗೆಯಲ್ಲಿ ಎಲ್ಲಿರುತ್ತದೆಂದು ತಿಳಿಯಿತು.

ಹೊಗಳುತ್ತ ಹೋದೆನೆಂದುಕೊಳ್ಳಬೇಡಿ. ನನಗೆ ಒಪ್ಪದ ಸಂಗತಿಗಳೂ ಇವೆ. ಈ ಹಕ್ಕಿಪ್ರೇಮಿ ತಮ್ಮ ಜೀವನದಲ್ಲಿ ಲೆಕ್ಕವಿಲ್ಲದಷ್ಟು ಹಕ್ಕಿಗಳನ್ನು ಕೋವಿಯಿಂದ ಹೊಡೆದಿದ್ದಾರೆ. ಆ ಕಾಲದ ಶಾಸ್ತ್ರಕ್ಕೆ ಅದು ಬೇಕಿತ್ತು, ಹಕ್ಕಿಯ ಚರ್ಮ ಕೈಯಲ್ಲಿಲ್ಲದೆ ಜಾತಿ ಬೇರ್ಪಡಿಸಲು ಆಗುತ್ತಿರಲಿಲ್ಲ, ಅವರದನ್ನು ಮುಚ್ಚಿಡಲೂ ಇಲ್ಲ. ಹಾಗಿದ್ದರೂ ಓದುವಾಗ ಮನಸ್ಸು ಹಿಂಡುತ್ತದೆ. ಇನ್ನೊಂದು ಭರತಪುರದ್ದು. ಆ ಕೆರೆಯ ಪಕ್ಷಿಧಾಮ ಉಳಿಯಲು ಅವರು ಬಹಳ ದುಡಿದರು. ಎಮ್ಮೆಗಳನ್ನು ಮೇಯಲು ಬಿಡಬಾರದೆಂಬ ಮಾತಿಗೆ ಅವರ ಬೆಂಬಲವಿತ್ತು. 1982ರಲ್ಲಿ ಮೇವು ನಿಂತಾಗ ಹಳ್ಳಿಯವರು ಪ್ರತಿಭಟಿಸಿದರು, ಗೋಲೀಬಾರಿನಲ್ಲಿ ಜೀವಗಳೂ ಹೋದವು. ಆಮೇಲೆ ಅವರ ಸೊಸೈಟಿಯವರೇ ವರ್ಷಗಟ್ಟಲೆ ಅಧ್ಯಯನ ಮಾಡಿ ನೋಡಿದರೆ, ಎಮ್ಮೆಗಳಿಲ್ಲದೆ ಹುಲ್ಲು, ಕಳೆ ಬೆಳೆದು ನೀರು ಮುಚ್ಚಿ ಹಕ್ಕಿಗಳಿಗೇ ತೊಂದರೆಯಾಗಿತ್ತು. ಹಳ್ಳಿಯ ಹೆಂಗಸರನ್ನು ಒಂದು ಮಾತು ಕೇಳಿದ್ದರೆ ಮೊದಲೇ ಹೇಳುತ್ತಿದ್ದರೇನೋ. ಆದರೆ ತಪ್ಪು ತೋರಿಸಿದ್ದು ಕೂಡ ಅವರು ಕಲಿಸಿದ ದಾಖಲೆಯ ಕ್ರಮವೇ ಎಂಬುದನ್ನೂ ಹೇಳಬೇಕು.

1987ರ ಜೂನ್ 20ರಂದು ಮುಂಬಯಿಯಲ್ಲೇ ಅವರು ತೀರಿಕೊಂಡರು. 90 ದಾಟಿತ್ತು. ಶಿವಡಿಯ ಕೆಸರಿಗೆ ರಾಜಹಂಸಗಳು ಸಾವಿರಗಟ್ಟಲೆ ಬರತೊಡಗಿದ್ದು ಅದಾದ ಮೇಲೆ, 90ರ ದಶಕದಲ್ಲಿ. ಕಛ್‌ನ ರಣದಲ್ಲಿ ಅವುಗಳ ಗೂಡಿನ ನಗರವನ್ನು ಒಂಟೆ ಮೇಲೆ ಹೋಗಿ ಎಣಿಸಿದ್ದ ಮನುಷ್ಯನಿಗೆ ತನ್ನೂರಿನ ಬಂದರಿನಲ್ಲೇ ಅವನ್ನು ನೋಡುವ ಭಾಗ್ಯ ಇರಲಿಲ್ಲ. 2022ರಲ್ಲಿ ರಂಗನತಿಟ್ಟೂ ನಮ್ಮ ಠಾಣೆ ಖಾರಿಯೂ ಒಂದೇ ವರ್ಷ ರಾಮ್ಸರ್ ಪಟ್ಟಿಗೆ ಸೇರಿದವು. ತವರೂ ಅತ್ತೆಮನೆಯೂ ಒಟ್ಟಿಗೆ ಪಾಸಾದಂತೆ ನನಗೆ ಖುಷಿಯಾಯಿತು.

ನಮ್ಮೆದುರಿನ ಮಳೆಮರ ಈಗಿಲ್ಲ. ಹೋದ ವರ್ಷ ಕಟ್ಟಡದ ಕೆಲಸಕ್ಕೆಂದು ಕಡಿದರು. ಕಡಿಯುವ ಮುಂಚೆ ಅಲ್ಲೇನೂ ಗೂಡಿಲ್ಲವೆಂದು ಯಾರೋ ಹೇಳಿದಾಗ, ನಾನು ಡೈರಿ ಹಿಡಿದುಕೊಂಡು ಕೆಳಗಿಳಿದು ಹೋದೆ. ಕಂಚುಗಾರನ ಪೊಟರೆ ಯಾವ ಕೊಂಬೆಯಲ್ಲಿದೆ, ಮರಿಗಳ ಸದ್ದು ಎಂದಿನಿಂದ ಕೇಳುತ್ತಿದೆ ಎಂದು ತಾರೀಖಿನ ಸಮೇತ ಓದಿ ಹೇಳಿದೆ. ಆ ಒಂದು ಕೊಂಬೆಯನ್ನು ಮೂರು ವಾರ ಬಿಟ್ಟರು. ಮರಿಗಳು ಹಾರಿದ ಮೇಲೆ ಅದೂ ಹೋಯಿತು.

ಮಗ ಪುಣೆಯಿಂದ ಹೊಸ ಡೈರಿ ತಂದುಕೊಟ್ಟಿದ್ದಾನೆ. ಹಳೆಯದರಲ್ಲಿ ಇನ್ನೂ ಹನ್ನೊಂದು ಪುಟ ಬಾಕಿ ಇದೆ, ಅದನ್ನು ಮುಗಿಸಿಯೇ ಹೊಸದು. ನವೆಂಬರ್ ಕೊನೆಗೆ ನಾವು ನಾಲ್ಕೈದು ಜನ ಶಿವಡಿ ಜೆಟ್ಟಿಗೆ ಹೊರಟಿದ್ದೇವೆ. ಭರತ ಇಳಿದು ಕೆಸರು ತೆರೆಯುವ ಹೊತ್ತನ್ನು ನೋಡಿ ಹೋಗಬೇಕು, ಬೆಳಿಗ್ಗೆ ಬೇಗ ಏಳಬೇಕಾದೀತು. ಬರುವವರು ನನಗೆ ಮೆಸೇಜ್ ಹಾಕಿ. ಚಹಾದ ಫ್ಲಾಸ್ಕ್ ನನ್ನದು, ಪೆನ್ನು ನೀವೇ ತನ್ನಿ.